ತೆರೆದು ಮುಚ್ಚಬಲ್ಲ ನೆಲ

ಕಟ್ಟಡವೊಂದು ಏಳುವಾಗ ಜನರ ದೃಷ್ಟಿಯೂ ಸಾರ್ವಜನಿಕ ದ್ರವ್ಯವೂ ಸ್ವಭಾವತಃ ಹರಿಯುವುದು ಕಣ್ಣಿಗೆ ಕಾಣುವ ಅಂಗಗಳ ಕಡೆಗೆ. ಮುಖಮಂಟಪ, ಗೋಡೆಯ ಬಣ್ಣ, ಹೊಳೆಯುವ ನೆಲಹಾಸು, ಬಾಗಿಲ ಮೇಲಣ ನಾಮಫಲಕ ಇವುಗಳ ಸಂಬಂಧದಲ್ಲಿ ನಡೆಯುವಷ್ಟು ವಿಚಾರವಿನಿಮಯವು, ಆ ಕಟ್ಟಡ ಮುಂದೆ ಅರ್ಧ ಶತಮಾನ ಕಾಲ ದಿನದಿನವೂ ಕಾರ್ಯ ನಿರ್ವಹಿಸುವುದಕ್ಕೆ ಆಧಾರವಾಗಬೇಕಾದ ವಿದ್ಯುತ್ತಿನ ತಂತಿ, ಕಂಪ್ಯೂಟರಿನ ಕೇಬಲ್ಲು, ನೀರಿನ ಕೊಳವೆ, ತಂಪುಗಾಳಿಯ ಮಾರ್ಗ ಇವುಗಳ ಸಂಬಂಧದಲ್ಲಿ ನಡೆಯುವುದಿಲ್ಲ. ಇವೆಲ್ಲವೂ ಗೋಡೆಯೊಳಗೆ, ನೆಲದೊಳಗೆ ಹೂತುಹೋಗಿ, ಮೇಲೆ ಗಿಲಾವು ಮಾಡಿ, ಫರಸಿ ಹಾಸಿ, ಉದ್ಘಾಟನೆಯ ದೀಪ ಬೆಳಗಿದ ಮೇಲೆ ಅವುಗಳ ನೆನಪು ಯಾರಿಗೂ ಉಳಿಯುವುದಿಲ್ಲ. ತಂತಿ ಸುಟ್ಟೋ, ಕೊಳವೆ ಒಡೆದೋ, ಹೊಸ ಯಂತ್ರ ಬಂದೋ ಅವನ್ನು ಮುಟ್ಟಲೇಬೇಕಾದ ಪ್ರಸಂಗ ಒದಗಿದಾಗ, ನಿನ್ನೆ ಮೊನ್ನೆ ಹಾಸಿದ ನೆಲವನ್ನು ಸುತ್ತಿಗೆ ಉಳಿಗಳಿಂದ ಒಡೆಯುವ ಕಾರ್ಯ ಆರಂಭವಾಗುತ್ತದೆ. ಒಡೆದ ಜಾಗಕ್ಕೆ ಸಿಮೆಂಟಿನ ತೇಪೆ ಬೀಳುತ್ತದೆ; ತೇಪೆ ಆರುವುದರೊಳಗೆ ಇನ್ನೊಂದು ಇಲಾಖೆಯವರು ಇನ್ನೊಂದು ಕಡೆ ಒಡೆಯಲು ಬರುತ್ತಾರೆ.

ಈ ಮಾತನ್ನು ನಿಡಗುಂದಿಯನ್ನು ಮುಂದಿಟ್ಟುಕೊಂಡು ಹೇಳುವುದಕ್ಕೆ ಕಾರಣವುಂಟು. ಬಸವನ ಬಾಗೇವಾಡಿ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಿನ ಕೇಂದ್ರವಾದ ಈ ಊರು, ಸೊಲ್ಲಾಪುರದಿಂದ ವಿಜಯಪುರದ ಮೇಲೆ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿದ್ದು, ಆಲಮಟ್ಟಿಯ ಮಹಾಜಲಾಶಯಕ್ಕೆ ನೆರೆಯಾಗಿ, ತನ್ನ ಕಚೇರಿಗಳನ್ನೂ ಆಸ್ಪತ್ರೆ, ಬ್ಯಾಂಕು, ಶಾಲೆ ಕಾಲೇಜುಗಳನ್ನೂ ಕಟ್ಟಿ ಬೆಳೆಸಿಕೊಳ್ಳುವ ಪ್ರಾಯದಲ್ಲಿದೆ. ಹಳೆಯ ಪಟ್ಟಣಗಳು ಹಿಂದೆ ಮಾಡಿದ ಕಟ್ಟಡಗಳ ಕಟ್ಟುಪಾಡಿಗೆ ಒಳಗಾಗಿ ನಡೆಯಬೇಕಾಗುತ್ತದೆ. ಹೊಸತಾಗಿ ಕಟ್ಟುವ ಊರಿಗೆ ಮೊದಲೇ ಯೋಚಿಸುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವು ಕೈತಪ್ಪಿ ಹೋಗುವ ಮುನ್ನ ನೆಲದ ವಿಷಯವಾಗಿ ಒಂದು ತತ್ತ್ವವನ್ನು ಊರಿನ ಹಿರಿಯರ, ಇಂಜಿನಿಯರರ, ಗುತ್ತಿಗೆದಾರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ತತ್ತ್ವವು ಇಷ್ಟೇ: ಕಾಲಾಂತರದಲ್ಲಿ ಬದಲಾಗತಕ್ಕದ್ದನ್ನು ಕೈಗೆಟಕುವಂತೆ ಇರಿಸಬೇಕು; ಬದಲಾಗದಿರತಕ್ಕದ್ದನ್ನು ಮಾತ್ರ ಶಾಶ್ವತವಾಗಿ ಮುಚ್ಚಬೇಕು. ಈ ತತ್ತ್ವವು ಅತ್ಯಂತ ಪೂರ್ಣವಾದ ರೂಪದಲ್ಲಿ ಕಾಣಸಿಗುವುದು, ಕಟ್ಟಡದ ಕೆಲಸಗಾರರು ಫಾಲ್ಸ್ ಫ್ಲೋರಿಂಗ್ ಎಂದು ಕರೆಯುವ ಎತ್ತರಿಸಿದ ನೆಲದ ವ್ಯವಸ್ಥೆಯಲ್ಲಿ.

ಅದರ ರಚನೆಯನ್ನು ಮೊದಲು ವಿಶದಪಡಿಸುವುದು ಯುಕ್ತ. ಕೋಣೆಯ ಮೂಲನೆಲವಾದ ಕಾಂಕ್ರೀಟು ಹಾಸಿನ ಮೇಲೆ ಎರಡೆರಡು ಅಡಿಗಳ ಅಂತರದಲ್ಲಿ, ಅಂದರೆ 600 ಮಿಲಿಮೀಟರಿಗೊಂದರಂತೆ, ಉಕ್ಕಿನ ಗಿಡ್ಡ ಕಾಲುಗಳನ್ನು ಚೌಕಾಕಾರವಾಗಿ ನಿಲ್ಲಿಸುತ್ತಾರೆ. ಪೆಡೆಸ್ಟಲ್ ಎನ್ನುವ ಈ ಕಾಲಿನ ಬುಡದ ತಗಡನ್ನು ಅಂಟಿನಿಂದಲೋ ಬೋಲ್ಟುಗಳಿಂದಲೋ ಮೂಲನೆಲಕ್ಕೆ ಭದ್ರಗೊಳಿಸಲಾಗಿರುತ್ತದೆ. ಮೇಲ್ಭಾಗದಲ್ಲಿ ತಿರುಪಿನ ದಂಡವೊಂದಿದ್ದು, ಅದನ್ನು ತಿರುಗಿಸಿ ತಲೆಯನ್ನು ಏರಿಸಬಹುದು, ಇಳಿಸಬಹುದು. ಮೂಲನೆಲ ಅಲ್ಲಲ್ಲಿ ತಗ್ಗು ದಿಣ್ಣೆಯಾಗಿದ್ದರೂ ಮೇಲಿನ ನೆಲ ಒಂದೇ ಮಟ್ಟಕ್ಕೆ ಬರುವುದು ಈ ತಿರುಪಿನ ಮಹಿಮೆಯಿಂದ. ಕಾಲಿನ ತಲೆಯಿಂದ ತಲೆಗೆ ಸ್ಟ್ರಿಂಗರ್ ಎಂಬ ಅಡ್ಡಪಟ್ಟಿಗಳನ್ನು ತಿರುಪು ಹಾಕಿ ಜೋಡಿಸಿದಾಗ, ಒಂಟಿ ಒಂಟಿಯಾಗಿ ನಿಂತಿದ್ದ ಕಾಲುಗಳೆಲ್ಲ ಒಂದೇ ಚೌಕಟ್ಟಿಗೆ ಸೇರಿ ಓಲಾಡದೆ ನಿಲ್ಲುತ್ತವೆ. ಈ ಚೌಕಟ್ಟಿನ ಪ್ರತಿಯೊಂದು ಮನೆಯ ಮೇಲೂ ಎರಡಡಿ ಚೌಕದ ಒಂದು ಹಲಗೆಯನ್ನು ಕೂಡಿಸುತ್ತಾರೆ. ಹಲಗೆಯು ಉಕ್ಕಿನ ತಗಡಿನ ಪೊಟ್ಟಣದಲ್ಲಿ ಹಗುರ ಸಿಮೆಂಟಿನ ಮಿಶ್ರಣ ತುಂಬಿದ್ದಾಗಿರಬಹುದು, ಮರದ ಪುಡಿಯನ್ನು ಒತ್ತಿ ಮಾಡಿದ್ದಾಗಿರಬಹುದು, ಕ್ಯಾಲ್ಸಿಯಂ ಸಲ್ಫೇಟಿನಿಂದ ಎರಕ ಹೊಯ್ದದ್ದಾಗಿರಬಹುದು. ಮೇಲ್ಮೈಗೆ ಲ್ಯಾಮಿನೇಟೋ ವಿನೈಲೋ ಅಂಟಿಸಿರುತ್ತಾರೆ.

ನೋಡುವವನಿಗೆ ಇದು ಸಾಮಾನ್ಯವಾದ ನೆಲವೇ. ಆದರೆ ಗಾಜು ಹಿಡಿದೆತ್ತುವ ರಬ್ಬರಿನ ಸಕ್ಷನ್ ಕಪ್ಪನ್ನು ಯಾವುದಾದರೊಂದು ಹಲಗೆಯ ಮೇಲೆ ಒತ್ತಿ ಮೇಲೆತ್ತಿದರೆ, ಸುತ್ತಲಿನ ನೆಲಕ್ಕೆ ಯಾವ ಊನವೂ ಬಾರದೆ ಆ ಒಂದು ಹಲಗೆ ಕೈಗೆ ಬರುತ್ತದೆ. ಕೆಳಗೆ ಅರ್ಧ ಅಡಿಯಿಂದ ಎರಡಡಿಯವರೆಗೆ, ಕೆಲವೆಡೆ ಅದಕ್ಕೂ ಹೆಚ್ಚು ಆಳದ ಅವಕಾಶವೂ, ಅದರಲ್ಲಿ ಕ್ರಮವಾಗಿ ಹಾಸಿದ ಕೇಬಲ್ಲುಗಳೂ ಕಾಣುತ್ತವೆ. ಹಾಳಾದ ತಂತಿಯನ್ನು ತೆಗೆದು ಹೊಸತನ್ನು ಎಳೆದು ಹಲಗೆಯನ್ನು ಯಥಾಸ್ಥಾನದಲ್ಲಿ ಕೂಡಿಸಿದರೆ ಕೆಲಸ ಮುಗಿಯಿತು. ಧೂಳಿಲ್ಲ, ತೇಪೆಯಿಲ್ಲ, ಕಚೇರಿಯ ಕೆಲಸ ನಿಲ್ಲುವ ಪ್ರಮೇಯವಿಲ್ಲ.

ಈ ಯುಕ್ತಿ ವ್ಯಾಪಕವಾಗಿ ರೂಢಿಗೆ ಬಂದುದು, ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರುಗಳು ತಲೆದೋರಿದಾಗ. ಆ ಯಂತ್ರಗಳು ಒಂದೇ ಪೆಟ್ಟಿಗೆಯಾಗಿರದೆ ಅನೇಕ ಕಪಾಟುಗಳ ಸಮೂಹವಾಗಿದ್ದುವು. ಕಪಾಟಿನಿಂದ ಕಪಾಟಿಗೆ ಹೆಬ್ಬೆರಳು ಗಾತ್ರದ ಕೇಬಲ್ಲುಗಳು ಹತ್ತಾರು ಸಂಖ್ಯೆಯಲ್ಲಿ ಹಾಯಬೇಕಾಗಿತ್ತು. ಯಂತ್ರಗಳನ್ನು ವರ್ಷಕ್ಕೊಮ್ಮೆ ಎರಡು ವರ್ಷಕ್ಕೊಮ್ಮೆ ಬೇರೆ ರೀತಿಯಲ್ಲಿ ಜೋಡಿಸಬೇಕಾಗುತ್ತಿತ್ತು. ಅವುಗಳಿಂದ ಹೊಮ್ಮುವ ಶಾಖವೋ ಸಾಮಾನ್ಯವಾದುದಲ್ಲ. 1964ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ಸಿಸ್ಟಂ 360 ಎಂಬ ಕಂಪ್ಯೂಟರುಗಳ ಶ್ರೇಣಿಯನ್ನು ಘೋಷಿಸಿತು. ಆ ಶ್ರೇಣಿಯ 360/44 ಎಂಬ ಯಂತ್ರವು ಕರ್ನಾಟಕದ ನೆಲಕ್ಕೆ ಬಂದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಕಂಪ್ಯೂಟರು ಕೇಂದ್ರವು ಸ್ಥಾಪನೆಯಾದಾಗ. ಅದೇ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ಪರಂ ಪ್ರವೇಗ ಎಂಬ ಮಹಾಗಣಕವು 3.3 ಪೆಟಾಫ್ಲಾಪ್ಸ್ ಶಕ್ತಿಯುಳ್ಳದ್ದು. ಈ ಅರ್ಧ ಶತಮಾನದಲ್ಲಿ ಯಂತ್ರಗಳ ಸ್ವರೂಪ ಗುರುತು ಸಿಗದಷ್ಟು ಬದಲಾಯಿತು. ಆದರೆ ಯಂತ್ರಕ್ಕೆ ತಂತಿ ಬೇಕು, ಯಂತ್ರದ ಶಾಖ ಹೊರಹೋಗಬೇಕು ಎಂಬ ಎರಡು ಅಗತ್ಯಗಳು ಬದಲಾಗಲಿಲ್ಲ.

ಶಾಖದ ಮಾತು ಬಂದುದರಿಂದ, ಈ ನೆಲದ ಇನ್ನೊಂದು ಉಪಯೋಗವನ್ನು ತುಸು ವಿಸ್ತಾರವಾಗಿ ಹೇಳಬೇಕು. ಅನೇಕ ಕಂಪ್ಯೂಟರು ಕೋಣೆಗಳಲ್ಲಿ ನೆಲದಡಿಯ ಅವಕಾಶವು ತಂಪುಗಾಳಿಯ ಕಾಲುವೆಯೂ ಆಗಿರುತ್ತದೆ. ಕೋಣೆಯ ಅಂಚಿನಲ್ಲಿರುವ ಶೀತಕಯಂತ್ರಗಳು ತಣ್ಣನೆಯ ಗಾಳಿಯನ್ನು ಹಲಗೆಗಳ ಕೆಳಕ್ಕೆ ದೂಡುತ್ತವೆ. ಆ ಗಾಳಿ ಅಲ್ಲೆಲ್ಲ ತುಂಬಿ ಸ್ವಲ್ಪ ಒತ್ತಡವನ್ನು ಪಡೆದು, ಯಂತ್ರಗಳ ಎದುರಿಗೆ ಕೂಡಿಸಿದ ರಂಧ್ರವುಳ್ಳ ಹಲಗೆಗಳ ಮೂಲಕ ಮೇಲಕ್ಕೆ ಚಿಮ್ಮಿ, ಯಂತ್ರದ ಮುಂಭಾಗದಿಂದ ಒಳಹೊಕ್ಕು, ಬಿಸಿಯಾಗಿ ಹಿಂಭಾಗದಿಂದ ಹೊರಬಿದ್ದು, ಮೇಲೇರಿ ಮತ್ತೆ ಶೀತಕಯಂತ್ರವನ್ನು ಸೇರುತ್ತದೆ. ಆದುದರಿಂದಲೇ ಕಪಾಟುಗಳ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ನಿಲ್ಲಿಸಿ, ತಂಪಿನ ಓಣಿಯೊಂದು ಬಿಸಿಯ ಓಣಿಯೊಂದು ಎಂದು ಬೇರ್ಪಡಿಸುತ್ತಾರೆ. ಯಂತ್ರದೊಳಕ್ಕೆ ಹೋಗುವ ಗಾಳಿಯ ಉಷ್ಣತೆ 18ರಿಂದ 27 ಡಿಗ್ರಿ ಸೆಲ್ಸಿಯಸಿನೊಳಗಿರಬೇಕೆಂಬುದು ಈ ಶಾಸ್ತ್ರದವರು ಒಪ್ಪಿದ ಮೇರೆ. ವೈಶಾಖದಲ್ಲಿ 40 ಡಿಗ್ರಿಯನ್ನು ದಾಟುವ ವಿಜಯಪುರದ ಸೀಮೆಯಲ್ಲಿ ಈ ಮೇರೆಯನ್ನು ಕಾಯುವುದು ಎಷ್ಟು ಶ್ರಮದ, ಎಷ್ಟು ವೆಚ್ಚದ ಕೆಲಸವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ನೆಲದಡಿಯ ಗಾಳಿಗೆ ಕೋಣೆಯ ಗಾಳಿಗಿಂತ ಇರುವ ಹೆಚ್ಚಿನ ಒತ್ತಡವು ಸಾಮಾನ್ಯವಾಗಿ 12 ಪಾಸ್ಕಲ್ಲಿನ ಆಸುಪಾಸಿನದು. ನಮ್ಮನ್ನು ಸುತ್ತಿರುವ ವಾಯುಮಂಡಲದ ಒತ್ತಡ ಒಂದು ಲಕ್ಷ ಪಾಸ್ಕಲ್ಲಿಗೂ ಮಿಗಿಲಾಗಿರುವಾಗ, ಈ ಹನ್ನೆರಡು ಎಷ್ಟು ಅಲ್ಪವಾದುದು! ಅಷ್ಟು ಅಲ್ಪವಾದುದರಿಂದಲೇ ಅದು ಸುಲಭವಾಗಿ ನಷ್ಟವಾಗುತ್ತದೆ. ಕೇಬಲ್ಲು ಮೇಲೆ ಬರಲೆಂದು ಹಲಗೆಯಲ್ಲಿ ಕೊರೆದ ರಂಧ್ರವನ್ನು ಮುಚ್ಚದೆ ಬಿಟ್ಟರೆ, ತಂಪುಗಾಳಿಯು ಬೇಕಾದಲ್ಲಿ ಏಳದೆ ಬೇಡವಾದಲ್ಲಿ ಸೋರಿಹೋಗುತ್ತದೆ. ಉಪಯೋಗಕ್ಕೆ ಬಾರದ ಹಳೆಯ ಕೇಬಲ್ಲುಗಳನ್ನು ತೆಗೆಯದೆ ಅವುಗಳ ಮೇಲೆಯೇ ಹೊಸತನ್ನು ಎಳೆಯುತ್ತ ಹೋದರೆ, ಕೆಲವು ವರ್ಷಗಳಲ್ಲಿ ಗಾಳಿಯ ದಾರಿಯೇ ಕಟ್ಟಿಹೋಗುತ್ತದೆ. ಆಗ ಇನ್ನೂ ದೊಡ್ಡ ಶೀತಕಯಂತ್ರವನ್ನು ಕೊಳ್ಳಬೇಕೆಂಬ ಸಲಹೆ ಬರುತ್ತದೆ, ವಿದ್ಯುತ್ತಿನ ಖರ್ಚು ಏರುತ್ತದೆ. ರಂಧ್ರಗಳಿಗೆ ಬ್ರಷ್ಷಿನ ಮುಚ್ಚಳವನ್ನು ಹಾಕಿ, ಸತ್ತ ತಂತಿಗಳನ್ನು ಎತ್ತಿ ಹಾಕಿದ್ದರೆ ತೀರುತ್ತಿದ್ದ ಕೊರತೆಗೆ ಲಕ್ಷಗಟ್ಟಲೆ ಹಣ ವ್ಯಯವಾಗುತ್ತದೆ.

ಇವೆಲ್ಲ ಬೆಂಗಳೂರಿನ ಮಾತು, ನಿಡಗುಂದಿಗೇಕೆ ಎಂದು ಯಾರಾದರೂ ಕೇಳಬಹುದು. ಅಂಥವರು ತಮ್ಮ ಸುತ್ತಮುತ್ತಲೇ ಒಮ್ಮೆ ಕಣ್ಣು ಹಾಯಿಸಬೇಕು. ಆಲಮಟ್ಟಿಯ ವಿದ್ಯುದಾಗಾರದಲ್ಲಿ 55 ಮೆಗಾವ್ಯಾಟಿನ ಐದು, 15 ಮೆಗಾವ್ಯಾಟಿನ ಒಂದು, ಒಟ್ಟು 290 ಮೆಗಾವ್ಯಾಟಿನ ಯಂತ್ರಗಳಿವೆ. ಕೂಡಗಿಯ ಎನ್‌ಟಿಪಿಸಿ ಶಾಖೋತ್ಪನ್ನ ಕೇಂದ್ರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳು, ಅಂದರೆ 2400 ಮೆಗಾವ್ಯಾಟಿನ ಸಾಮರ್ಥ್ಯವಿದೆ. ಇಂಥ ಕೇಂದ್ರಗಳಲ್ಲಿ ಯಂತ್ರದ ಪ್ರತಿಯೊಂದು ಭಾಗದ ಉಷ್ಣತೆ, ಒತ್ತಡ, ವೇಗಗಳ ವಾರ್ತೆಯನ್ನು ಹೊತ್ತ ಸಾವಿರಾರು ತಂತಿಗಳು ಬಂದು ಸೇರುವ ಸ್ಥಾನ ನಿಯಂತ್ರಣ ಕೊಠಡಿ. ಅವನ್ನೆಲ್ಲ ಗೋಡೆಯಲ್ಲಿ ಹೂತರೆ ಒಂದು ತಂತಿಯ ದೋಷವನ್ನು ಹುಡುಕುವುದಕ್ಕೆ ಒಂದು ಗೋಡೆಯನ್ನೇ ಕೆಡವಬೇಕಾದೀತು. ಆದುದರಿಂದ ಈ ಬಗೆಯ ಕಟ್ಟಡಗಳಲ್ಲಿ ನಿಯಂತ್ರಣ ಕೊಠಡಿಯ ಕೆಳಗೆ ಕೇಬಲ್ಲುಗಳಿಗೆಂದೇ ಮನುಷ್ಯನು ಓಡಾಡಬಲ್ಲ ಒಂದು ಅಂತಸ್ತನ್ನು ಬಿಡುವುದು, ಕಂಪ್ಯೂಟರುಗಳಿರುವ ಕೋಣೆಗೆ ಎತ್ತರಿಸಿದ ನೆಲವನ್ನು ಹಾಕುವುದು ವಾಡಿಕೆ. ನಾಡಿಗೆ ಬೆಳಕು ಕೊಡುವ ವ್ಯವಸ್ಥೆಯೇ ನೆಲದ ಕೆಳಗಣ ಇಂಥ ಅವಕಾಶವನ್ನು ಅವಲಂಬಿಸಿ ನಡೆಯುತ್ತಿದೆ.

ಅಣೆಕಟ್ಟೆಂಬ ಮಹಾರಚನೆಯೂ ಇದೇ ಪಾಠವನ್ನು ಹೇಳುತ್ತದೆ. ಕಲ್ಲು ಕಾಂಕ್ರೀಟುಗಳಿಂದ ಕಟ್ಟಿದ ಎತ್ತರದ ಅಣೆಕಟ್ಟುಗಳನ್ನು ಹೊರಗಿನಿಂದ ನೋಡಿದವರು ಅವು ಒಳಗೆಲ್ಲ ಘನವೇ ಎಂದು ಭಾವಿಸುವುದು ಸಹಜ. ಆದರೆ ಅವುಗಳ ಒಡಲಿನಲ್ಲಿ ಉದ್ದಕ್ಕೂ ಗ್ಯಾಲರಿ ಎಂಬ ಕಿರಿದಾದ ಹಾದಿಯನ್ನು ಬಿಡುವುದು ಅಣೆಕಟ್ಟು ಶಾಸ್ತ್ರದ ನಿಯಮ. ಆ ಹಾದಿಯಲ್ಲಿ ನಡೆದು ಜಿನುಗುವ ನೀರನ್ನು ಅಳೆಯುತ್ತಾರೆ, ಬಿರುಕುಗಳನ್ನು ಪರೀಕ್ಷಿಸುತ್ತಾರೆ, ಬೇಕಾದಲ್ಲಿ ಸಿಮೆಂಟಿನ ಹಾಲನ್ನು ಒತ್ತಿ ತುಂಬುತ್ತಾರೆ. ನೂರಾರು ವರ್ಷ ಬಾಳಲೆಂದು ಕಟ್ಟುವ ರಚನೆಯಲ್ಲಿಯೇ ಮನುಷ್ಯನು ಒಳಗೆ ಹೋಗಿ ನೋಡುವ ದಾರಿಯನ್ನು ಬಿಟ್ಟಿರುವಾಗ, ಇಪ್ಪತ್ತು ವರ್ಷಕ್ಕೆ ತಂತಿಗಳೆಲ್ಲ ಹಳೆಯವಾಗುವ ಕಚೇರಿಯಲ್ಲಿ ಅಂಥ ದಾರಿ ಬೇಡವೆನ್ನುವುದು ವಿವೇಕವಲ್ಲ.

ಇನ್ನು ನಮ್ಮ ಜಿಲ್ಲೆಯ ಪೂರ್ವಿಕರು ಈ ವಿಷಯದಲ್ಲಿ ಅಜ್ಞರಾಗಿದ್ದರೆಂದು ಯಾರೂ ತಿಳಿಯತಕ್ಕದ್ದಲ್ಲ. ಆದಿಲಶಾಹಿ ಕಾಲದಲ್ಲಿ ವಿಜಯಪುರ ನಗರಕ್ಕೆ ನೀರು ಬರುತ್ತಿದ್ದುದು ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ, ಮತ್ತು 1651ರಲ್ಲಿ ಮುಹಮ್ಮದ್ ಆದಿಲಶಹನ ಆಳ್ವಿಕೆಯಲ್ಲಿ ನಿರ್ಮಿತವಾದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂತೆ ನೇರವಾಗಿ ಇಳಿಯುವ ತೆರಪುಗಳನ್ನು ಬಿಟ್ಟಿದ್ದರು. ಕೊಳವೆಗಳ ಮಾರ್ಗದಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗಂಜ್ ಎಂಬ ಜಲಗೋಪುರಗಳನ್ನು ನಿಲ್ಲಿಸಿದ್ದರು; ನೀರು ಅವುಗಳೊಳಗೆ ಏರಿ ಇಳಿಯುವಾಗ ಒತ್ತಡ ತಗ್ಗಿ ಕೊಳವೆ ಒಡೆಯುವುದು ತಪ್ಪುತ್ತಿತ್ತು, ಕೆಸರು ತಳದಲ್ಲಿ ನಿಂತು ನೀರು ತಿಳಿಯಾಗುತ್ತಿತ್ತು. ಇಂದಿಗೂ ಅವುಗಳಲ್ಲಿ ಹಲವು ನಿಂತಿವೆ. ಹೂತುಹಾಕಿದ ಕೊಳವೆಗೆ ಒಂದು ದಿನ ತೊಂದರೆ ಬರುವುದೆಂಬುದನ್ನು ಮೊದಲೇ ಊಹಿಸಿ, ಅದಕ್ಕೆ ಪರಿಹಾರವನ್ನು ಕಟ್ಟುವಾಗಲೇ ಕಟ್ಟಿಬಿಟ್ಟ ಆ ದೂರದೃಷ್ಟಿಗೆ ನಾವು ವಾರಸುದಾರರು.

ಹೀಗೆಂದ ಮಾತ್ರಕ್ಕೆ ಎತ್ತರಿಸಿದ ನೆಲವನ್ನು ಎಲ್ಲೆಡೆಯಲ್ಲಿಯೂ ಹಾಕಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ಅದರದೇ ಆದ ದೋಷಗಳೂ ನಿಯಮಗಳೂ ಉಂಟು. ಮೊದಲನೆಯದು ಭಾರದ ಲೆಕ್ಕ. ಯಂತ್ರಗಳು ತುಂಬಿದ ಒಂದು ಕಪಾಟು ಒಂದು ಸಾವಿರ ಕಿಲೋಗ್ರಾಂ ತೂಗಿದರೆ ಆಶ್ಚರ್ಯವಿಲ್ಲ. ಅದು ನಾಲ್ಕು ಗಾಲಿಗಳ ಮೇಲೆ ನಿಂತರೆ ಒಂದೊಂದು ಗಾಲಿಯ ಕೆಳಗೆ 250 ಕಿಲೋಗ್ರಾಂ ಭಾರವು ಒಂದು ಅಂಗುಲ ಚೌಕದಷ್ಟು ಜಾಗದಲ್ಲಿ ಬೀಳುತ್ತದೆ. ಇಡೀ ಕೋಣೆಯ ಭಾರವನ್ನು ಚದರಡಿಗೆ ಹಂಚಿ ಲೆಕ್ಕ ಹಾಕಿದರೆ ಸಾಕೆಂದು ನಂಬಿದವರು ಇಲ್ಲಿಯೇ ಮೋಸಹೋಗುತ್ತಾರೆ. ಯುರೋಪಿನ ಇಎನ್ 12825 ಎಂಬ ಮಾನಕದಲ್ಲಿ ಹಲಗೆಯನ್ನು ಪರೀಕ್ಷಿಸುವುದು 25 ಮಿಲಿಮೀಟರು ಚೌಕದ ಮೇಲೆ ಭಾರವನ್ನು ಹೇರಿಯೇ. ಎರಡನೆಯದು, ಒಂದೇ ಸಲಕ್ಕೆ ಸಾಲುಸಾಲಾಗಿ ಹಲಗೆಗಳನ್ನು ಕಿತ್ತಿಡುವ ಅವಸರ. ಚೌಕಟ್ಟಿಗೆ ಬಲ ಬರುವುದು ಹಲಗೆ, ಕಾಲು, ಅಡ್ಡಪಟ್ಟಿ ಎಲ್ಲವೂ ಕೂಡಿ ನಿಂತಾಗ. ಬಹಳ ಹಲಗೆಗಳನ್ನು ತೆಗೆದರೆ ಉಳಿದ ನೆಲ ಓಲಾಡತೊಡಗುತ್ತದೆ, ತೆರೆದ ಗುಂಡಿಯಲ್ಲಿ ಕಾಲಿಟ್ಟವರು ಎಲುಬು ಮುರಿದುಕೊಳ್ಳುತ್ತಾರೆ. ಮೂರನೆಯದು, ಇಡೀ ಲೋಹದ ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಇರತಕ್ಕದ್ದು. ಅದಿಲ್ಲವಾದರೆ ನೆಲವೇ ಅಪಾಯದ ಮೂಲವಾದೀತು.

ನಾಲ್ಕನೆಯದೂ ಬಹು ಮುಖ್ಯವಾದುದೂ ಆದ ನಿಯಮವೆಂದರೆ, ಕಾಣದ ಅವಕಾಶವನ್ನು ಕಾಣದೆಂದು ಮರೆಯಬಾರದು. ನಮ್ಮ ಕಡೆಯ ರೈತರು ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯನ್ನು ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ಕಂಡ ಮೇಲೆಯೇ ಇಳಿಯುತ್ತಿದ್ದರು. ನೆಲದಡಿಯ ಅವಕಾಶವು ಯಾವುದೇ ಆಗಲಿ, ಅದು ಇಂಥ ಎಚ್ಚರವನ್ನು ಬಯಸುತ್ತದೆ. ಎತ್ತರಿಸಿದ ನೆಲದ ಕೆಳಗೆ ಧೂಳು ಕೂಡುತ್ತದೆ, ಇಲಿಗಳು ಸೇರಿ ಕೇಬಲ್ಲಿನ ಹೊದಿಕೆಯನ್ನು ಕಡಿಯುತ್ತವೆ, ಶೀತಕಯಂತ್ರದ ಕೊಳವೆಯಿಂದ ನೀರು ಸೋರಿ ಯಾರಿಗೂ ತಿಳಿಯದೆ ನಿಲ್ಲುತ್ತದೆ, ತಂತಿಯೊಂದು ಹೊತ್ತಿಕೊಂಡರೆ ಹೊಗೆ ಮೇಲೆ ಕಾಣುವ ಮೊದಲೇ ಬೆಂಕಿ ಕೆಳಗೆ ಹರಡಿರುತ್ತದೆ. ಆದುದರಿಂದ ಹೊಗೆಯನ್ನು ಗುರುತಿಸುವ ಸಾಧನವನ್ನು ಮಾಳಿಗೆಗೆ ಹಾಕಿದಂತೆ ನೆಲದ ಕೆಳಗೂ ಹಾಕತಕ್ಕದ್ದು. ನೀರು ತಾಗಿದೊಡನೆ ಗಂಟೆ ಬಾರಿಸುವ ಸಾಧನವನ್ನೂ ಇರಿಸತಕ್ಕದ್ದು. ಮೂಲನೆಲದ ಕಾಂಕ್ರೀಟಿನಿಂದ ಪುಡಿ ಏಳದಂತೆ ಬಣ್ಣ ಹಚ್ಚಿಸತಕ್ಕದ್ದು. ಗೋಡೆಯೊಳಗಿಂದ ಕೊಳವೆ ಬರುವ ಪ್ರತಿಯೊಂದು ತೂತನ್ನೂ ಇಲಿ ನುಸುಳದಂತೆ ಮುಚ್ಚತಕ್ಕದ್ದು. ಕಾಲಕಾಲಕ್ಕೆ ಹಲಗೆಗಳನ್ನು ಕ್ರಮವಾಗಿ ಎತ್ತಿ ಶುಚಿಗೊಳಿಸತಕ್ಕದ್ದು. ಇವನ್ನು ಪಾಲಿಸಲಾರದವರು ಈ ನೆಲವನ್ನು ಹಾಕಿಸದಿರುವುದೇ ಲೇಸು.

ಜಗತ್ತಿನ ಹೊಸ ಡೇಟಾ ಕೇಂದ್ರಗಳಲ್ಲಿ ಹಲವು ಈಗ ಎತ್ತರಿಸಿದ ನೆಲವನ್ನೇ ಕೈಬಿಟ್ಟು, ಗಟ್ಟಿ ಕಾಂಕ್ರೀಟಿನ ಮೇಲೆ ಯಂತ್ರಗಳನ್ನು ನಿಲ್ಲಿಸಿ, ಕೇಬಲ್ಲುಗಳನ್ನು ತಲೆಯ ಮೇಲಿನ ಟ್ರೇಗಳಲ್ಲಿ ಹಾಯಿಸಿ, ತಂಪನ್ನು ಕಪಾಟಿನ ಪಕ್ಕದಲ್ಲಿಯೇ ಒದಗಿಸುತ್ತಿವೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಯಂತ್ರಗಳ ಭಾರವೂ ಶಾಖವೂ ಬೆಳೆದು, ನೆಲದಡಿಯ ಗಾಳಿಯೊಂದರಿಂದಲೇ ಅವನ್ನು ತಣಿಸುವುದು ಕಷ್ಟವಾದುದು ಇದಕ್ಕೆ ಕಾರಣ. ಆದರೆ ಇದರಿಂದ ತತ್ತ್ವಕ್ಕೆ ಹಾನಿಯಿಲ್ಲ. ಅಲ್ಲಿಯೂ ತಂತಿಯನ್ನು ಗೋಡೆಯಲ್ಲಿ ಹೂತಿಲ್ಲ. ಕೈಗೆಟಕುವ ಸ್ಥಾನವು ಕೆಳಗಿನಿಂದ ಮೇಲಕ್ಕೆ ಹೋಯಿತು, ಅಷ್ಟೆ.

ಈಗ ನಿಡಗುಂದಿಯ ಭೂಮಿಗೆ ಬರೋಣ. ಈ ಸೀಮೆಯಲ್ಲಿ ವಿಸ್ತಾರವಾಗಿ ಹರಡಿರುವುದು ಎರೆಯ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಅಂಗೈ ಹೋಗುವಷ್ಟು ಬಿರಿಯುವುದು ಅದರ ಜಾತಿಧರ್ಮ. ಜೋಳ ಕಡಲೆಗಳನ್ನು ಬೆಳೆಯುವವನಿಗೆ ವರವಾದ ಈ ಗುಣವೇ ಮನೆ ಕಟ್ಟುವವನಿಗೆ ಪೀಡೆ. ಎರೆಯ ಮೇಲೆ ನೇರವಾಗಿ ಹಾಸಿದ ನೆಲವು ವರ್ಷವರ್ಷವೂ ಎದ್ದು ಕುಸಿದು ಬಿರುಕುಬಿಡುತ್ತದೆ, ಅದರೊಳಗೆ ಹೂತ ಕೊಳವೆಗಳು ಕೀಲು ಬಿಡುತ್ತವೆ. ಎತ್ತರಿಸಿದ ನೆಲವು ಈ ರೋಗಕ್ಕೆ ಮದ್ದಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅದರ ಕಾಲುಗಳು ನಿಲ್ಲುವುದೂ ಮೂಲನೆಲದ ಮೇಲೆಯೇ. ಎರೆಯನ್ನು ಸಾಕಷ್ಟು ಆಳಕ್ಕೆ ತೆಗೆದು ಗರಸು ತುಂಬಿ ಕುಟ್ಟುವುದು, ದೊಡ್ಡ ಕಟ್ಟಡಗಳಿಗೆ ಎರೆಯ ಚಲನೆ ತಟ್ಟದ ಆಳಕ್ಕೆ ಇಳಿಯುವ ಕಂಬಗಳ ಅಡಿಪಾಯವನ್ನು ಹಾಕುವುದು, ಮಳೆನೀರು ಕಟ್ಟಡದ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು ಇವೇ ಅದಕ್ಕೆ ಮದ್ದು. ಆದರೆ ನೆಲ ಚಲಿಸುವ ನಾಡಿನಲ್ಲಿ ಕೊಳವೆಯೂ ತಂತಿಯೂ ಕೆಡುವ ಸಂಭವ ಬೇರೆಡೆಗಿಂತ ಅಧಿಕವಾದುದರಿಂದ, ಅವನ್ನು ತೆರೆದು ನೋಡುವ ಸೌಕರ್ಯದ ಅಗತ್ಯವೂ ಇಲ್ಲಿ ಅಧಿಕ.

ಕಚೇರಿಯ ಕೆಲಸದ ಸ್ವರೂಪವೂ ಬದಲಾಗಿದೆ. ಸರಕಾರದ ಭೂಮಿ ಯೋಜನೆಯು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಂದಿನಿಂದ, ರೈತನು ತನ್ನ ಹೊಲದ ಉತಾರವನ್ನು ಪಡೆಯುವುದು ತಾಲ್ಲೂಕು ಕಚೇರಿಯ ಯಂತ್ರದಿಂದ. ನೋಂದಣಿ, ಪಿಂಚಣಿ, ಪಡಿತರ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದೇ ದಾರಿಯನ್ನು ಹಿಡಿದಿವೆ. ನೆಲದೊಳಗಿನ ಒಂದು ಕೇಬಲ್ಲು ತುಂಡಾದ ದಿನ, ಹತ್ತಾರು ಹಳ್ಳಿಗಳಿಂದ ಬಸ್ಸು ಹಿಡಿದು ಬಂದ ಜನರು ಕೂಲಿಯನ್ನು ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹೀಗಾಗಿ ಈ ಪ್ರಶ್ನೆ ಕಟ್ಟಡದ ಸೊಗಸಿಗಿಂತ ಮಿಗಿಲಾಗಿ ಜನರ ದಿನದ ದುಡಿಮೆಗೆ ಸಂಬಂಧಪಟ್ಟದ್ದು.

ಆದುದರಿಂದ ಮಾಡತಕ್ಕದ್ದೇನು? ಸರ್ವರುಗಳಿರುವ ಕೋಣೆ, ಆಸ್ಪತ್ರೆಯಲ್ಲಿ ಕೇಬಲ್ಲುಗಳ ಜಾಲವುಳ್ಳ ಯಂತ್ರಗಳ ಕೋಣೆ, ವಿದ್ಯುತ್ ನಿಯಂತ್ರಣದ ಕೋಣೆ ಇಷ್ಟಕ್ಕೆ ಎತ್ತರಿಸಿದ ನೆಲವು ಸಮೀಚೀನ. ಅಂಥ ಕೋಣೆಯ ಮೂಲನೆಲವನ್ನು ಕಟ್ಟುವಾಗಲೇ ಒಂದೆರಡು ಅಡಿ ತಗ್ಗಿಸಿದರೆ, ಮೇಲಿನ ಹಲಗೆಗಳು ಹೊರಗಿನ ಪಡಸಾಲೆಯ ಮಟ್ಟಕ್ಕೆ ಸಮವಾಗಿ ಬಂದು ಮೆಟ್ಟಿಲೂ ಇಳಿಜಾರೂ ಬೇಡವಾಗುತ್ತವೆ, ಗಾಲಿಕುರ್ಚಿಯವರಿಗೂ ಅಡ್ಡಿಯಾಗುವುದಿಲ್ಲ. ಕಟ್ಟಿ ಮುಗಿಸಿದ ಮೇಲೆ ಈ ಯೋಚನೆ ಬಂದರೆ ನಿಷ್ಫಲ. ಮಿಕ್ಕ ಕೋಣೆಗಳಿಗೆ ಅಷ್ಟು ವೆಚ್ಚ ಬೇಕಾಗಿಲ್ಲ. ಗೋಡೆಯ ಪಕ್ಕದಲ್ಲಿ ಒಂದು ಅಡಿ ಅಗಲದ ಕೇಬಲ್ಲು ಕಾಲುವೆಯನ್ನು ಕಟ್ಟಿ, ಅದರ ಮೇಲೆ ನಮ್ಮ ಜಿಲ್ಲೆಯ ತಾಳಿಕೋಟೆಯ ಕಡೆಯಲ್ಲಿಯೇ ದೊರೆಯುವ ಫರಸಿಯನ್ನು ಸಿಮೆಂಟು ಹಾಕದೆ ಕೂಡಿಸಿ, ಎತ್ತುವುದಕ್ಕೆ ಒಂದು ಹಿಡಿಯನ್ನು ಇಟ್ಟರೆ ಅದೇ ತತ್ತ್ವವು ಬಡತನದಲ್ಲಿಯೂ ಸಾಧಿತವಾಗುತ್ತದೆ. ವಿದ್ಯುತ್ತಿನ ತಂತಿಗೂ ವಾರ್ತೆಯ ತಂತಿಗೂ ಬೇರೆ ಬೇರೆ ಕಾಲುವೆಗಳಿರಬೇಕು. ಮುಂದೆ ಬರುವ ತಂತಿಗಳಿಗಾಗಿ ಒಂದೆರಡು ಖಾಲಿ ಕೊಳವೆಗಳನ್ನು ಈಗಲೇ ಹಾಕಿಡಬೇಕು. ಯಾವ ತಂತಿ ಎಲ್ಲಿ ಹೋಗಿದೆಯೆಂಬುದರ ನಕಾಶೆಯನ್ನು ಕನ್ನಡದಲ್ಲಿ ಬರೆದು ಆ ಕಟ್ಟಡದಲ್ಲಿಯೇ ಇಡಬೇಕು; ಗುತ್ತಿಗೆದಾರನು ಹೋದ ಮೇಲೆ ಆ ಜ್ಞಾನವೂ ಅವನೊಡನೆ ಹೋಗಬಾರದು.

ಇದಕ್ಕೆಲ್ಲ ಹಣವೆಲ್ಲಿ ಎಂಬ ಆಕ್ಷೇಪವು ಬಂದೇ ಬರುತ್ತದೆ. ಪ್ರಾರಂಭದಲ್ಲಿ ವೆಚ್ಚವು ಹೆಚ್ಚುವುದೆಂಬುದು ನಿಜ. ಆದರೆ ನೆಲವನ್ನು ಒಡೆಯುವ ಕೂಲಿ, ಮತ್ತೆ ಹಾಸುವ ಕೂಲಿ, ನಿಂತ ಕಚೇರಿಯ ನಷ್ಟ, ಬರಿಗೈಯಲ್ಲಿ ತಿರುಗಿದ ಜನರ ದಿನಗೂಲಿ ಇವುಗಳನ್ನು ಯಾವ ಅಂದಾಜುಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ಹಿಡಿದರೆ ಲೆಕ್ಕವು ಬೇರೆಯಾಗುತ್ತದೆ. ಕಟ್ಟಡದ ಬೆಲೆಯನ್ನು ಕಟ್ಟಿದ ದಿನದ ಖರ್ಚಿನಿಂದ ಅಳೆಯದೆ, ಅದು ಬಾಳುವ ವರ್ಷಗಳ ಒಟ್ಟು ಖರ್ಚಿನಿಂದ ಅಳೆಯುವ ಪದ್ಧತಿಯನ್ನು ನಾವು ರೂಢಿಸಿಕೊಳ್ಳಬೇಕು.

ನಿಡಗುಂದಿಯ ಪಟ್ಟಣ ಪಂಚಾಯತಿಯವರಲ್ಲಿ, ಲೋಕೋಪಯೋಗಿ ಇಲಾಖೆಯ ಇಂಜಿನಿಯರರಲ್ಲಿ, ಮನೆ ಅಂಗಡಿಗಳನ್ನು ಕಟ್ಟಿಸುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇದು. ಮುಂದಿನ ಕಟ್ಟಡದ ನಕಾಶೆ ನಿಮ್ಮ ಮುಂದೆ ಬಂದಾಗ ಮುಖಮಂಟಪದ ಅಂದವನ್ನು ನೋಡಿರಿ, ಅದರಲ್ಲಿ ತಪ್ಪಿಲ್ಲ; ಅದರ ಜೊತೆಗೆ, ಈ ತಂತಿ ಕೆಟ್ಟರೆ ಯಾವುದನ್ನೂ ಒಡೆಯದೆ ಇದನ್ನು ಹೇಗೆ ತಲುಪಬಹುದು ಎಂಬ ಒಂದು ಪ್ರಶ್ನೆಯನ್ನು ಕೇಳಿರಿ. ಅದಕ್ಕೆ ಸ್ಪಷ್ಟವಾದ ಉತ್ತರ ದೊರೆಯುವವರೆಗೆ ನಕಾಶೆಗೆ ಸಹಿ ಹಾಕಬೇಡಿರಿ.